ಕಚ್ಚಿಸಿಕೊಂಡವಳ ಅಭಿಪ್ರಾಯಗಳು

ಫೆಂಗ್, ರಾತ್ರಿ ಪಾಳಿಗೆ ಹೊಸಬ ನೀನು.
ಹೀಟರಿನ ಪಕ್ಕದ ಕುರ್ಚಿ ನನ್ನದು, ಅದೊಂದು ನೆನಪಿರಲಿ.
ಟಿವಿಯ ಸದ್ದು ಏಳಕ್ಕಿಂತ ಮೇಲೆ ಹೋಗಬಾರದು.
ಉಳಿದಂತೆ, ಬೆಳಗಿನ ತನಕ ನನ್ನ ಮಾತು ಕೇಳಬೇಕು;
ಡುಲೂತಿನ ಚಳಿಗಾಲದಲ್ಲಿ ಬೇರೆ ಏನಿದೆ?
ಹೊರಗೆ ಸರೋವರ ಮಂಜುಗಡ್ಡೆಯಾಗಿ ಹಲ್ಲು ಕಡಿಯುತ್ತಿದೆ.

ಸ್ಪರ್ಧೆಗಳ ವಿಷಯ ಮೊದಲು.
"ಗೆಳೆತನ ಮಾಡಲು ಬಂದಿಲ್ಲ ನಾನು" ಅನ್ನುತ್ತಾನಲ್ಲ ಮೊದಲ ಕಂತಿನಲ್ಲಿ,
ನಾಲ್ಕನೆಯದರಲ್ಲಿ ಅವನೇ ಗೆಳೆಯರಿಲ್ಲವೆಂದು ಅಳುತ್ತಾನೆ. ಬರೆದಿಟ್ಟುಕೋ.
ಸತ್ತ ಅಜ್ಜಿಯ ಫೋಟೊ ಮೂರನೆಯ ವಾರಕ್ಕೇ ತೋರಿಸಿದವಳು
ಫೈನಲಿಗೆ ಏನನ್ನು ಉಳಿಸಿಕೊಂಡಳು, ಹೇಳು?
ಅಡುಗೆಯವರು ಸಮಯ ಮುಗಿದೊಡನೆ ಎರಡೂ ಕೈ ಮೇಲೆತ್ತುತ್ತಾರೆ,
ಪೊಲೀಸರು ಬಂದರೇನೋ ಎಂಬಂತೆ. ಅದು ನನಗಿಷ್ಟ.
ನನಗಾಗದ್ದು ಆ ಮೌನ:
"ಈ ವಾರ ಮನೆಗೆ ಹೋಗುವವರು..."
ಡ್ರಮ್ಮು, ಬೆವರು, ಒಬ್ಬಳ ಗಂಟಲು, ಮತ್ತೊಬ್ಬನ ಗಂಟಲು,
ಆಮೇಲೆ ಬಟ್ಟೆ ಸೋಪಿನ ಜಾಹೀರಾತು.
ಮನುಷ್ಯರನ್ನು ಹಾಗೆ ಕಾಯಿಸಬಾರದು ಫೆಂಗ್.
ಇಲ್ಲಿ ಕರೆಗಂಟೆ ಒತ್ತಿದವರನ್ನು ಎರಡು ನಿಮಿಷ ಕಾಯಿಸಿ ನೋಡು,
ನಿನ್ನನ್ನೇ ಮನೆಗೆ ಕಳಿಸುತ್ತೇನೆ.

ಇನ್ನು ಜಾಂಬಿಗಳು.
ಓಡುವ ಜಾಂಬಿಯನ್ನು ನಾನು ಒಪ್ಪುವುದಿಲ್ಲ.
ಸತ್ತ ಮೇಲೂ ಅವಸರವೇ? ಮೊಣಕಾಲಿಗೆ ಏನಾಯಿತು ಹಾಗಾದರೆ?
ನಿಧಾನದವರೇ ಸರಿ. ಅವರಿಗೆ ಗೊತ್ತು, ಹೇಗಿದ್ದರೂ ತಲುಪುತ್ತೇವೆಂದು.
ಆ ಕತೆಗಳ ಜನ ಇನ್ನೊಂದು ಜಾಂಬಿ ಕತೆ ಓದಿರುವುದೇ ಇಲ್ಲ, ಯಾಕೆ?
ಊರೆಲ್ಲ ಹಾಳು ಬಿದ್ದರೂ ಹುಲ್ಲುಹಾಸು ಕತ್ತರಿಸಿದ್ದು ಯಾರು?
ಕನ್ನಡಕದವರು ಎಲ್ಲಿ ಹೋದರು? ಹಲ್ಲುನೋವು ಯಾರಿಗೂ ಇಲ್ಲವೆ?
ಕಚ್ಚಿಸಿಕೊಂಡು ಅಂಗಿಯ ತೋಳು ಕೆಳಗೆಳೆದುಕೊಳ್ಳುವವನು ಒಬ್ಬ ಇದ್ದೇ ಇರುತ್ತಾನೆ;
ಅವನ ಮೇಲೆ ಸಿಟ್ಟು ಬಾರದು ನನಗೆ. ಯಾರು ತಾನೆ ಹೇಳಿಕೊಂಡಾರು?

ಎರಡೂ ಒಂದೇ ಆಟ ಅನ್ನುತ್ತಾನೆ ನನ್ನ ತಮ್ಮ ರೋಲ್ಫ್:
ಹನ್ನೆರಡು ಜನ ಒಳಗೆ, ವಾರಕ್ಕೊಬ್ಬರು ಹೊರಗೆ.
ಅರ್ಧ ಒಪ್ಪುತ್ತೇನೆ.
ಒಂದರಲ್ಲಿ ಹೊರಗೆ ಹೋದವರು ಸಂದರ್ಶನ ಕೊಡುತ್ತಾರೆ,
ಇನ್ನೊಂದರಲ್ಲಿ ಬಾಗಿಲು ತಟ್ಟುತ್ತಾರೆ.

ಕೇಳಿಸಿತೆ? ಹದಿನಾಲ್ಕರ ಬಾಗಿಲು.
ಹೆದರಬೇಡ. ಮಿಸೆಸ್ ಟೋರ್ವಿಕ್.
ಒಂದು ಕಾಲಿಗೆ ಸಾಕ್ಸು, ಇನ್ನೊಂದಕ್ಕಿಲ್ಲ,
ಕೈ ಮುಂದೆ ಚಾಚಿ, ಗೋಡೆಯ ಗುಂಟ,
ಒಂದು ಹೆಜ್ಜೆಗೆ ಒಂದು ಜಾಹೀರಾತಿನಷ್ಟು ಹೊತ್ತು.
ಇಪ್ಪತ್ತೆರಡು ವರ್ಷ ಕೌಂಟಿ ಮೇಳದಲ್ಲಿ ಪೈಗಳ ತೀರ್ಪುಗಾರ್ತಿ.
ನನ್ನಮ್ಮನ ಬ್ಲೂಬೆರಿ ಪೈಗೆ ಎರಡು ಸಲ ಮೂರನೆಯ ಸ್ಥಾನ ಕೊಟ್ಟರು;
ಅಮ್ಮ ಸಾಯುವ ತನಕ ಆ ಮಾತು ಬಿಡಲಿಲ್ಲ.
ಈಗ ಮಗನನ್ನೇ "ನೀವು ಯಾರ ಪೈಕಿ?" ಅಂತ ಕೇಳುತ್ತಾರೆ.
ಅವನು ಬರುವುದು ಕಡಿಮೆಯಾಗಿದೆ.

ಕತೆಗಳ ಮೊದಲನೆಯ ನಿಯಮ ನಿನಗೂ ಗೊತ್ತು:
ಅಮ್ಮನ ಮುಖ ಹೊತ್ತು ಬಂದದ್ದು ಅಮ್ಮನಲ್ಲ, ಬಾಗಿಲು ತೆರೆಯಬೇಡ.
ಆ ನಿಯಮ ಬರೆದವರು ರಾತ್ರಿ ಪಾಳಿ ಮಾಡಿದವರಲ್ಲ.
ನೋಡು, ಈ ಮಣಿಕಟ್ಟಿನ ಗುರುತು, ನವೆಂಬರಿನದು.
ಅವರೇ ಕಚ್ಚಿದ್ದು, ಸ್ನಾನಕ್ಕೆ ಎಬ್ಬಿಸಿದಾಗ.
ಅಂಗಿಯ ತೋಳು ಕೆಳಗೆಳೆದೆ, ಫಾರಂ ತುಂಬಲಿಲ್ಲ.
ತುಂಬಿದ್ದರೆ ಅವರನ್ನು ಬೀಗವಿರುವ ಮಹಡಿಗೆ ಕಳಿಸುತ್ತಿದ್ದರು.
ಮೂರು ತಿಂಗಳಾಯಿತು. ನಾನಿನ್ನೂ ನಾನೇ,
ಸ್ವಲ್ಪ ನಿಧಾನವಾಗಿದ್ದೇನೆ, ಅಷ್ಟೆ.

ಫ್ರಿಜ್ಜಿನಿಂದ ಆ ಪುಡ್ಡಿಂಗ್ ತಾ. ಚಮಚ ಸಣ್ಣದಿರಲಿ.
ಕುಳಿತುಕೊಳ್ಳಿ ಮಿಸೆಸ್ ಟೋರ್ವಿಕ್, ಇಲ್ಲೇ, ಹೀಟರಿನ ಪಕ್ಕ.
ನೋಡುತ್ತಿರು ಈಗ: ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ.
ಈ ಮೌನಕ್ಕೆ ಮಾತ್ರ ನನ್ನ ತಕರಾರಿಲ್ಲ.

"ಐದೂವರೆ," ಅಂದರು. "ಅಂಗಡಿಯದು."

ಟಿವಿ ಆರಿಸಬೇಡ ಮಾರಾಯ,
ಯಾರು ಹೋಗುತ್ತಾರೆಂದು ಇನ್ನೂ ಹೇಳಿಲ್ಲ.